ಕಲಿಸುವ ರೆಕ್ಕೆ

ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದ ಜಗತಿಯ ಮೇಲೆ ಕುಳಿತು ಆಕಾಶವನ್ನು ನೋಡುವುದು ನನ್ನ ಬಾಲ್ಯದ ಸುಖಗಳಲ್ಲಿ ಒಂದು. ಬೇಸಗೆಯ ಮಧ್ಯಾಹ್ನ ಕಾದ ನೆಲದಿಂದ ಮೇಲೇಳುವ ಗಾಳಿಯನ್ನು ಆಶ್ರಯಿಸಿ ಗರುಡನೊಂದು ಶಿಖರದ ಮೇಲೆ ಸುತ್ತು ಹಾಕುತ್ತಿತ್ತು. ಅದು ರೆಕ್ಕೆ ಬಡಿಯುತ್ತಿರಲಿಲ್ಲ. ಹರಡಿದ ರೆಕ್ಕೆಯನ್ನು ತುಸು ಓರೆಮಾಡಿ, ಏನೂ ಶ್ರಮವಿಲ್ಲವೆಂಬಂತೆ ಮೇಲಕ್ಕೇರುತ್ತಿತ್ತು. 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಆ ಗುಡಿಯ ಗೋಡೆಯಲ್ಲಿ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳು ತಮ್ಮ ಹೆಸರನ್ನು ಕೊರೆದಿಟ್ಟು ಹೋಗಿದ್ದಾರೆ. ಕಲ್ಲಿನಲ್ಲಿ ಕೆಲಸ ಮಾಡಿದವರ ಹೆಸರು ನಮಗೆ ಗೊತ್ತು. ಗಾಳಿಯಲ್ಲಿ ಕೆಲಸ ಮಾಡಿದವರ ಹೆಸರನ್ನು ನಾನು ಎಂದೂ ಕೇಳಿರಲಿಲ್ಲ.

ಕಳೆದ ವರ್ಷ ನಮ್ಮ ಕಾಲೇಜಿನ ವಿದ್ಯಾರ್ಥಿಗಳನ್ನು ಬೆಂಗಳೂರಿನ ವಿಮಾನ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ಕನ್ನಡದ ಅಧ್ಯಾಪಕನಿಗೆ ಅಲ್ಲಿ ಹೇಳಲು ಹೆಚ್ಚೇನೂ ಇರಲಿಲ್ಲ. ಮಕ್ಕಳು ಚೆದುರದಂತೆ ನೋಡಿಕೊಳ್ಳುವುದೇ ನನ್ನ ಪಾಲಿನ ಕೆಲಸವಾಗಿತ್ತು. ಗರ್ಜಿಸುವ ಯುದ್ಧವಿಮಾನಗಳ ಮುಂದೆ ಹುಡುಗರು ಗುಂಪುಗಟ್ಟಿದ್ದಾಗ, ನಮ್ಮ ಕಡೆಯ ಹಳ್ಳಿಯೊಂದರಿಂದ ಬಂದ ಒಬ್ಬ ಹುಡುಗ ಮಾತ್ರ ಎಚ್‌ಟಿ-2 ಎಂಬ ಒಂದು ಚಿಕ್ಕ ವಿಮಾನದ ರೆಕ್ಕೆಯ ತುದಿಯ ಬಳಿ ಬಗ್ಗಿ ನೋಡುತ್ತ ನಿಂತಿದ್ದ. ಇದರ ಮೈ ಏಕೆ ಬಾಗಿದೆ, ಚಪ್ಪಟೆಯಾಗಿದ್ದರೆ ಹಾರುತ್ತಿರಲಿಲ್ಲವೆ, ಇದನ್ನು ಹೀಗೆ ಬಾಗಿಸಬೇಕೆಂದು ನಿರ್ಧರಿಸಿದವರು ಯಾರು ಎಂದು ಅವನು ಕೇಳಿದ. ಮೂರರಲ್ಲಿ ಒಂದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಊರಿಗೆ ಮರಳಿ ಭೌತಶಾಸ್ತ್ರದ ಸಹೋದ್ಯೋಗಿಗಳನ್ನು ಕಾಡಿಸಿ, ಪುಸ್ತಕಗಳನ್ನು ತಿರುವಿ, ತಿಂಗಳುಗಳ ಮೇಲೆ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ಆ ಹುಡುಗನಿಗೆ ನಾನು ಸಲ್ಲಿಸಬೇಕಾದ ಬಾಕಿ.

ಆ ವಿಮಾನವನ್ನು ರೂಪಿಸಿದವರು ಡಾಕ್ಟರ್ ವಿಷ್ಣು ಮಾಧವ ಘಾಟಗೆ. ಅವರು 1908ರ ಅಕ್ಟೋಬರ್ 24ರಂದು ಕೊಲ್ಲಾಪುರ ಸೀಮೆಯ ಗಡಹಿಂಗ್ಲಜದ ಹತ್ತಿರ, ಹಸೂರಚಂಪು ಎಂಬ ಹಳ್ಳಿಯಲ್ಲಿ ಹುಟ್ಟಿದರು. ಗಡಹಿಂಗ್ಲಜ ನಮ್ಮ ಬೆಳಗಾವಿ ಜಿಲ್ಲೆಗೆ ಅಂಟಿಕೊಂಡಂತಿರುವ ನಾಡು. ಅಲ್ಲಿ ಹರಿಯುವ ಹಿರಣ್ಯಕೇಶಿ ಸಂಕೇಶ್ವರವನ್ನು ಹಾದು ಘಟಪ್ರಭೆಯನ್ನು ಸೇರುತ್ತದೆ. ಮರಾಠಿಯೂ ಕನ್ನಡವೂ ಒಂದೇ ಸಂತೆಯಲ್ಲಿ ಕೇಳಿಬರುವ ಸೀಮೆ ಅದು. ಅಂಥ ಮೂಲೆಯ ಊರಿನ ಬಾಲಕನೊಬ್ಬ ಆ ಕಾಲದ ಜಗತ್ತಿನ ಅತಿ ದೊಡ್ಡ ವಾಯುವಿಜ್ಞಾನಿಯ ಪದತಲದಲ್ಲಿ ಕುಳಿತು ಕಲಿತು, ಮರಳಿ ಬಂದು, ಜೀವಮಾನವನ್ನೆಲ್ಲ ಬೆಂಗಳೂರಿನಲ್ಲಿ ಕಳೆದದ್ದು ನಮ್ಮ ನಾಡಿನ ಅದೃಷ್ಟಗಳಲ್ಲಿ ಒಂದು.

ಘಾಟಗೆಯವರು ಏನನ್ನು ಕಲಿತರೆಂಬುದನ್ನು ತಿಳಿಯಬೇಕಾದರೆ ಅವರಿಗಿಂತ ಹಿಂದಕ್ಕೆ ಹೋಗಬೇಕು. ಬಾಗಿದ ರೆಕ್ಕೆಯ ಗುಣವನ್ನು ಮೊದಲು ಅಳೆದು ನೋಡಿದವರಲ್ಲಿ ಪ್ರಮುಖನು ಜರ್ಮನಿಯ ಒಟ್ಟೋ ಲಿಲಿಯೆಂಟಾಲ್. ಬಕಗಳ ಹಾರಾಟವನ್ನು ನೋಡುತ್ತ ಬೆಳೆದ ಈ ಎಂಜಿನಿಯರ್ ತನ್ನ ತಮ್ಮ ಗುಸ್ತಾವನೊಡಗೂಡಿ, ತಿರುಗುವ ತೋಳಿನ ತುದಿಗೆ ಬಗೆಬಗೆಯ ಹಲಗೆಗಳನ್ನು ಕಟ್ಟಿ, ಗಾಳಿ ಅವನ್ನು ಎಷ್ಟು ಮೇಲಕ್ಕೆತ್ತುತ್ತದೆ, ಎಷ್ಟು ಹಿಂದಕ್ಕೆ ತಡೆಯುತ್ತದೆ ಎಂದು ವರ್ಷಗಟ್ಟಲೆ ಅಳೆದನು. ನಮ್ಮ ಹಳೆಯ ಮನೆಗಳ ನಾಡಹೆಂಚನ್ನು ನೆನೆಯಿರಿ; ಅದರಷ್ಟು ಬಾಗದೆ, ಅಗಲದ ಹನ್ನೆರಡರಲ್ಲೊಂದು ಭಾಗದಷ್ಟು ಮಾತ್ರ ನಡು ಉಬ್ಬಿದ ತೆಳುವಾದ ತಗಡು ಅದೇ ಅಗಲದ ಚಪ್ಪಟೆ ಹಲಗೆಗಿಂತ ಬಹಳ ಹೆಚ್ಚು ಮೇಲೆತ್ತುತ್ತದೆ ಎಂಬುದು ಅವನು ಕಂಡುಕೊಂಡ ಸತ್ಯ. 1889ರಲ್ಲಿ ಅದನ್ನು ಗ್ರಂಥವಾಗಿ ಪ್ರಕಟಿಸಿದನು. 1891ರಿಂದ ತಾನೇ ರೆಕ್ಕೆ ಕಟ್ಟಿಕೊಂಡು ಗುಡ್ಡಗಳಿಂದ ಸುಮಾರು ಎರಡು ಸಾವಿರ ಸಲ ತೇಲಿದನು. 1896ರ ಆಗಸ್ಟ್ 9ರಂದು ಗಾಳಿಯ ಹೊಡೆತಕ್ಕೆ ಅವನ ರೆಕ್ಕೆಯ ಮೂತಿ ಮೇಲೆದ್ದು, ರೆಕ್ಕೆ ಹಿಡಿತ ಕಳೆದುಕೊಂಡು ಬಿದ್ದಿತು. ಮರುದಿನ ಅವನು ತೀರಿಕೊಂಡನು.

ಆ ಬಾಗಿನ ಕೆಲಸವೇನು? ಗಾಳಿ ತೆಳು ಕಮಾನಿನ ಮೈಯನ್ನು ಅನುಸರಿಸಿ ಹರಿದು, ಹಿಂಬದಿಯಲ್ಲಿ ಕೆಳಮುಖವಾಗಿ ಬಿಟ್ಟುಕೊಡುತ್ತದೆ. ಗಾಳಿಯನ್ನು ಕೆಳಕ್ಕೆ ತಿರುಗಿಸಿದ ರೆಕ್ಕೆ ತಾನು ಮೇಲಕ್ಕೆ ನೂಕಲ್ಪಡುತ್ತದೆ. ಆಗ ರೆಕ್ಕೆಯ ಮೇಲ್ಮೈಯಲ್ಲಿ ಒತ್ತಡ ತಗ್ಗಿರುತ್ತದೆ, ಕೆಳಮೈಯಲ್ಲಿ ಹೆಚ್ಚಿರುತ್ತದೆ. ಚಪ್ಪಟೆ ಹಲಗೆಯೂ ಓರೆಯಾಗಿ ಹಿಡಿದರೆ ಗಾಳಿಯನ್ನು ತಿರುಗಿಸುತ್ತದೆ, ಆದರೆ ಅದರ ಹರಿತವಾದ ಮುಂದಂಚಿನಲ್ಲಿ ಗಾಳಿ ಸುತ್ತಿ ಹೋಗಲಾರದೆ ಕಿತ್ತುಕೊಂಡು ಸುಳಿಯಾಗುತ್ತದೆ. ಬಾಗಿದ ತಗಡಿನಲ್ಲಿ ಮುಂದಂಚು ಬರುವ ಗಾಳಿಗೆ ಎದುರಾಗಿಯೇ ಬಗ್ಗಿರುವುದರಿಂದ, ಯೋಗ್ಯವಾದ ಒಂದು ಕೋನದಲ್ಲಿ ಗಾಳಿ ನೊಂದುಕೊಳ್ಳದೆ ಒಳಗೆ ಜಾರುತ್ತದೆ. ಹುಡುಗನ ಮೊದಲ ಎರಡು ಪ್ರಶ್ನೆಗಳಿಗೆ ಇದೇ ಉತ್ತರ: ಚಪ್ಪಟೆಯೂ ಹಾರೀತು, ಬಾಗಿದ್ದು ಸೊಗಸಾಗಿ ಹಾರುತ್ತದೆ.

ಇದು ಅಳತೆಯಿಂದ ತಿಳಿದದ್ದು. ಏಕೆ ಹೀಗೆ ಎಂಬುದನ್ನು ಗಣಿತದಿಂದ ತಿಳಿಸಿದ ಪೀಠವೆಂದರೆ ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾಲಯ. ಅದರ ಗುರು ಲುಡ್ವಿಗ್ ಪ್ರಾಂಟ್ಲ್. ಘಾಟಗೆಯವರು ಹುಟ್ಟಿದ 1908ರ ಸುಮಾರಿಗೆ ಅಲ್ಲಿ ಪ್ರಾಂಟ್ಲರ ಗಾಳಿಸುರಂಗ ಸಿದ್ಧವಾಯಿತು. ಅದಕ್ಕೂ ಮೊದಲೇ, 1904ರಲ್ಲಿ, ರೆಕ್ಕೆಯ ಮೈಗೆ ಅಂಟಿಕೊಂಡಂತೆ ಹರಿಯುವ ತೀರ ತೆಳುವಾದ ಗಾಳಿಪದರವೊಂದಿದೆಯೆಂದೂ, ಅದು ಮೈಯನ್ನು ಬಿಟ್ಟು ಎದ್ದಾಗಲೇ ರೆಕ್ಕೆ ಸೋಲುವುದೆಂದೂ ಅವರು ತೋರಿಸಿಕೊಟ್ಟಿದ್ದರು. ಲಿಲಿಯೆಂಟಾಲನನ್ನು ಕೆಡವಿದ್ದು ಈ ಬಿಡುಗಡೆಯೇ. ವಿಮಾನಿಗಳು ಅದನ್ನು ಸ್ಟಾಲ್ ಎನ್ನುತ್ತಾರೆ.

ಪ್ರಾಂಟ್ಲರ ಶಿಷ್ಯ ಮಾಕ್ಸ್ ಮುಂಕ್ ಅಮೆರಿಕಕ್ಕೆ ಹೋಗಿ 1922ರಲ್ಲಿ ತೆಳುರೆಕ್ಕೆಯ ಸಿದ್ಧಾಂತವನ್ನು ಪ್ರಕಟಿಸಿದನು. ಅದರ ಸಾರ ಗಣಿತವಿಲ್ಲದವರಿಗೂ ರುಚಿಸುವಂಥದು. ರೆಕ್ಕೆ ತೆಳುವಾಗಿರುವವರೆಗೆ, ಅದು ಎತ್ತುವ ಬಲಕ್ಕೆ ಅದರ ದಪ್ಪ ಮುಖ್ಯವಲ್ಲ. ಅದರ ನಡುಗೆರೆ ಹೇಗೆ ಬಾಗಿದೆ, ಗಾಳಿಗೆ ಎಷ್ಟು ಕೋನದಲ್ಲಿ ಒಡ್ಡಿಕೊಂಡಿದೆ ಎಂಬುವೇ ಮುಖ್ಯ. ಕೋನ ಒಂದು ಡಿಗ್ರಿ ಹೆಚ್ಚಿದಂತೆ ಬಲದ ಗುಣಾಂಕ ಸುಮಾರು 0.11ರಷ್ಟು ಹೆಚ್ಚುತ್ತ ಹೋಗುತ್ತದೆ. ಈ ಏರಿಕೆ ಬಾಗಿದ್ದಕ್ಕೂ ಬಾಗದ್ದಕ್ಕೂ ಒಂದೇ. ಬಾಗು ಕೊಡುವುದು ಬೇರೊಂದು ಲಾಭವನ್ನು. ನೂರಕ್ಕೆ 4 ಭಾಗ ಉಬ್ಬಿದ ಕಮಾನು ತಲೆಯನ್ನು ಸುಮಾರು ನಾಲ್ಕೂವರೆ ಡಿಗ್ರಿ ತಗ್ಗಿಸಿದಾಗ ಮಾತ್ರ ಎತ್ತುವುದನ್ನು ನಿಲ್ಲಿಸುತ್ತದೆ. ಅಂದರೆ ಸಮನಾಗಿ ನಿಂತಾಗಲೂ ಅದು ಎತ್ತುತ್ತಲೇ ಇರುತ್ತದೆ. ಆದರೆ ಲಾಭಕ್ಕೆ ಬೆಲೆಯೂ ಉಂಟು. ಬಾಗಿದ ರೆಕ್ಕೆ ತನ್ನ ಮೂತಿಯನ್ನು ಸದಾ ಕೆಳಕ್ಕೆ ತಿರುಗಿಸಲು ಹವಣಿಸುತ್ತದೆ. ಅದನ್ನು ಸರಿದೂಗಿಸಲು ಬಾಲ ಬೇಕು. ಇನ್ನು, ತೆಳು ಅಂಚಿನ ರೆಕ್ಕೆಯ ಔದಾರ್ಯ ಬೇಗ ಮುಗಿಯುತ್ತದೆ. ಯೋಗ್ಯವಾದ ಕೋನದಿಂದ ತುಸು ದೂರ ಸರಿದರೂ ಗಾಳಿ ಮುಂದಂಚಿನಲ್ಲೇ ಕಿತ್ತುಕೊಳ್ಳುತ್ತದೆ.

ಮೊದಲ ವಿಮಾನಗಳ ರೆಕ್ಕೆಗಳೆಲ್ಲ ಹೀಗೆ ತೆಳುವಾಗಿದ್ದವು. ರೈಟ್ ಸಹೋದರರು 1901ರಲ್ಲಿ ತಮ್ಮದೇ ಪುಟ್ಟ ಗಾಳಿಸುರಂಗದಲ್ಲಿ ಪರೀಕ್ಷಿಸಿ ಆರಿಸಿದ್ದೂ ತೆಳುವಾದ ಬಾಗಿದ ರೆಕ್ಕೆಯನ್ನೇ. ಚಿಕ್ಕ ಮಾದರಿಗಳಲ್ಲಿ, ಮೆಲ್ಲನೆಯ ಗಾಳಿಯಲ್ಲಿ ಅಳೆದಾಗ ತೆಳುವಾದದ್ದೇ ಗೆಲ್ಲುತ್ತದೆ. ಹಕ್ಕಿಗೆ ಅದು ಸರಿ. ದೊಡ್ಡ ರೆಕ್ಕೆ ವೇಗವಾಗಿ ಹೋಗುವಾಗ ಕಥೆ ಬೇರೆ. ಮೊದಲ ಮಹಾಯುದ್ಧದ ಕಾಲಕ್ಕೆ ಗಾಟಿಂಗೆನ್ನಿನಲ್ಲಿ ಅಳೆದು ನೋಡಿದಾಗ, ಉರುಟಾದ ಮೂತಿಯ ದಪ್ಪ ರೆಕ್ಕೆ ತೆಳುವಾದದ್ದಕ್ಕಿಂತ ಹೆಚ್ಚು ಕೋನದವರೆಗೆ ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದೆಂದು ತಿಳಿಯಿತು. ದಪ್ಪ ರೆಕ್ಕೆಯೊಳಗೆ ಆಳವಾದ ತೊಲೆಯನ್ನು ಕೂರಿಸಬಹುದಾದ್ದರಿಂದ ಹೊರಗಿನ ತಂತಿ, ಊರೆಗಳ ಹಂಗೂ ತಪ್ಪಿತು. ಸಣ್ಣದರಲ್ಲಿ ನಿಜವಾದದ್ದು ದೊಡ್ಡದರಲ್ಲಿ ಸುಳ್ಳಾಗಬಹುದೆಂಬ ಈ ಪಾಠ ವಿಜ್ಞಾನಕ್ಕೆ ಮಾತ್ರ ಸೇರಿದ್ದಲ್ಲ.

ಘಾಟಗೆಯವರು ವಿದ್ಯಾರ್ಥಿಯಾಗಿ ಹೋದದ್ದು ಈ ಗಾಟಿಂಗೆನ್ನಿಗೆ. ಪ್ರಾಂಟ್ಲರ ಮಾರ್ಗದರ್ಶನದಲ್ಲಿ 1936ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು. ಅವು ಜರ್ಮನಿಯ ಕೆಟ್ಟ ದಿನಗಳು. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ ಆ ವಿಶ್ವವಿದ್ಯಾಲಯದ ಹೆಸರಾಂತ ಯಹೂದಿ ಪಂಡಿತರನೇಕರು ಹುದ್ದೆ ಕಳೆದುಕೊಂಡು ದೇಶ ಬಿಟ್ಟಿದ್ದರು. ಘಾಟಗೆಯವರು ಭಾರತಕ್ಕೆ ಮರಳಿದರು. ಆದರೆ ಇಲ್ಲಿ ಅವರ ವಿದ್ಯೆಗೆ ನೆಲೆಯೆಲ್ಲಿತ್ತು? ಭಾರತದಲ್ಲಿ ಆಗ ವಿಮಾನ ಕಟ್ಟುವ ಕಾರ್ಖಾನೆಯೇ ಇರಲಿಲ್ಲ. ಪ್ರಪಂಚದ ಅತ್ಯುನ್ನತ ವಿದ್ಯೆಯನ್ನು ಕಲಿತು ಬಂದ ಯುವಕ ಕೆಲವು ವರ್ಷ ಅಧ್ಯಾಪನವನ್ನು ಅವಲಂಬಿಸಿದ. ರೆಕ್ಕೆಯ ವಿದ್ಯೆ ಕರಿಹಲಗೆಯ ಮೇಲೆ ಉಳಿಯಿತು.

1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ತೆರೆದರು. ಆಗ ಮೈಸೂರಿನ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಘಾಟಗೆಯವರು ಮೊದಲ ದಿನಗಳಲ್ಲೇ ಆ ಸಂಸ್ಥೆಯನ್ನು ಸೇರಿದರು. ಅಮೆರಿಕದ ಮಾದರಿಗಳನ್ನು ಜೋಡಿಸುವುದು ಕಾರ್ಖಾನೆಯ ಮೊದಲ ಕೆಲಸವಾಗಿದ್ದರೂ, 1941ರಲ್ಲಿಯೇ ಹತ್ತು ಆಸನಗಳ ಗ್ಲೈಡರೊಂದನ್ನು ಇಲ್ಲಿಯವರೇ ರೂಪಿಸಿ ಹಾರಿಸಿದರು. ಅದು ಹೆಚ್ಚು ಸಂಖ್ಯೆಯಲ್ಲಿ ತಯಾರಾಗಲಿಲ್ಲ. ಯುದ್ಧ ಹತ್ತಿರ ಬಂದಿತು. ಕಾರ್ಖಾನೆ ಸರ್ಕಾರದ ಕೈಗೂ, 1943ರಲ್ಲಿ ಅಮೆರಿಕದ ಸೇನೆಯ ಆಡಳಿತಕ್ಕೂ ಹೋಗಿ, ಪೆಟ್ಟು ತಿಂದ ವಿಮಾನಗಳನ್ನು ದುರಸ್ತಿ ಮಾಡುವ ದೊಡ್ಡ ಕೊಟ್ಟಿಗೆಯಾಯಿತು. ಹೊಸದನ್ನು ರೂಪಿಸಬಲ್ಲವರು ಹಳೆಯದನ್ನು ರಿಪೇರಿ ಮಾಡುವುದನ್ನು ನೋಡುತ್ತ ಕಾಯಬೇಕಾಯಿತು.

ಘಾಟಗೆಯವರು ಸುಮ್ಮನೆ ಕಾಯಲಿಲ್ಲ. 1942ರ ಕೊನೆಯಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಎಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ವಿಮಾನಶಾಸ್ತ್ರದ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿ ಮೊದಲ ವಿದ್ಯಾರ್ಥಿಗಳಿಗೆ ಪಾಠ ಹೇಳಿದವರು ಅವರೇ. ವಿಮಾನ ಕಟ್ಟಲು ಅವಕಾಶವಿಲ್ಲದ ದಿನಗಳಲ್ಲಿ ವಿಮಾನ ಕಟ್ಟುವವರನ್ನು ತಯಾರಿಸಿದರು. ಮುಂದೆ ಇದೇ ವಿಭಾಗದಲ್ಲಿ ಪ್ರಾಂಟ್ಲರ ಇನ್ನೊಬ್ಬ ಶಿಷ್ಯ ಟೀಟ್‌ಜೆನ್ಸ್ ಇದ್ದರು. 1951ರಲ್ಲಿ ಸತೀಶ್ ಧವನರು ಬಂದು ಸೇರಿದರು. ಗಾಟಿಂಗೆನ್ನಿನ ದೀಪದಿಂದ ಹಚ್ಚಿದ ಹಣತೆ ಮಲ್ಲೇಶ್ವರದ ಮಗ್ಗುಲಲ್ಲಿ ಉರಿಯತೊಡಗಿತು.

ಸ್ವಾತಂತ್ರ್ಯ ಬಂದಾಗ ನಮ್ಮ ತರುಣರು ಹಾರಲು ಕಲಿಯುತ್ತಿದ್ದದ್ದು ಇಂಗ್ಲೆಂಡಿನ ಟೈಗರ್ ಮಾತ್ ಎಂಬ ವಿಮಾನದಲ್ಲಿ. 1931ರ ಕಾಲದ ಯಂತ್ರ ಅದು. ಎರಡು ಅಂತಸ್ತಿನ ರೆಕ್ಕೆ, ಮರದ ಚೌಕಟ್ಟಿಗೆ ಬಟ್ಟೆಯ ಹೊದಿಕೆ, ನಡುವೆ ಕಟ್ಟಿದ ತಂತಿಗಳು. ಅದರ ಜಾಗಕ್ಕೆ ನಮ್ಮದೇ ಒಂದು ತರಬೇತಿ ವಿಮಾನ ಬೇಕಾಗಿತ್ತು. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 1951ರ ಆಗಸ್ಟಿನಲ್ಲಿ ಕ್ಯಾಪ್ಟನ್ ಮುನ್ಷಿಯವರ ಕೈಯಲ್ಲಿ ಮೊದಲ ಸಲ ಮೇಲೆದ್ದಿತು. ಪೂರ್ತಿ ಲೋಹದ ಮೈ. ತಂತಿಯಾಗಲಿ ಊರೆಯಾಗಲಿ ಇಲ್ಲದೆ ತನ್ನ ಬಲದಿಂದಲೇ ಚಾಚಿ ನಿಂತ, ತುದಿಯಿಂದ ತುದಿಗೆ 10.72 ಮೀಟರಿನ ಒಂದೇ ರೆಕ್ಕೆ. ಒಬ್ಬರ ಹಿಂದೊಬ್ಬರು ಕೂರುವ ಗುರು ಶಿಷ್ಯರು. 155 ಅಶ್ವಶಕ್ತಿಯ ಎಂಜಿನ್. ತುಂಬಿದ ಭಾರ ಒಂದು ಟನ್ನಿನಷ್ಟು ಮಾತ್ರ.

ತರಬೇತಿ ವಿಮಾನದ ರೆಕ್ಕೆಯನ್ನು ರೂಪಿಸುವುದು ಯುದ್ಧವಿಮಾನದ ರೆಕ್ಕೆಗಿಂತ ಸುಲಭವೆಂದು ನಾನು ತಿಳಿದಿದ್ದೆ. ಅದು ತಪ್ಪು. ವೇಗವೊಂದೇ ಗುರಿಯಾದರೆ ರೆಕ್ಕೆಯನ್ನು ತೆಳುವಾಗಿಸಬಹುದು. ಕಲಿಯುವವನು ಏರುವ ರೆಕ್ಕೆ ಮೆಲ್ಲನೆ ಹಾರಬಲ್ಲದ್ದಾಗಿರಬೇಕು. ಬಿರುಸಾಗಿ ನೆಲಕ್ಕೆ ತಾಗಿದರೂ ತಾಳಬೇಕು. ಸೋಲುವ ಮುನ್ನ ಮೈ ನಡುಗಿಸಿ ಎಚ್ಚರಿಸಬೇಕು. ಬುಡ ಮೊದಲು ಸೋತು ತುದಿ ಆಮೇಲೆ ಸೋಲಬೇಕು, ಇಲ್ಲವಾದರೆ ವಿಮಾನ ಒಂದು ಪಕ್ಕಕ್ಕೆ ಉರುಳಿ ಗಿರಕಿ ಹೊಡೆಯುತ್ತದೆ. ಬಾಗು ಹೆಚ್ಚಾದರೆ ತಡೆ ಹೆಚ್ಚುತ್ತದೆ, ಕಡಿಮೆಯಾದರೆ ಇಳಿಯುವ ವೇಗ ಹೆಚ್ಚುತ್ತದೆ. ದಪ್ಪ ಹೆಚ್ಚಾದರೆ ಭಾರ, ಕಡಿಮೆಯಾದರೆ ತೊಲೆಗೆ ಜಾಗವಿಲ್ಲ. ಇವೆಲ್ಲವನ್ನೂ ತೂಗಿ ಒಂದು ಗೆರೆಯನ್ನು ಎಳೆಯಬೇಕು. ಹುಡುಗ ಬಗ್ಗಿ ನೋಡುತ್ತಿದ್ದದ್ದು ಆ ಗೆರೆಯನ್ನು.

ಹಾಗೆಂದು ಎಚ್‌ಟಿ-2 ಮುದ್ದಿಸುವ ಗುರುವಾಗಿರಲಿಲ್ಲ. ಅದರ ಮೂರನೆಯ ಗಾಲಿ ಬಾಲದ ಕೆಳಗಿತ್ತು. ಅಂಥ ವಿಮಾನದ ಭಾರವೆಲ್ಲ ಮುಂದಿನ ಗಾಲಿಗಳ ಹಿಂದೆ ಇರುವುದರಿಂದ, ಇಳಿಯುವಾಗ ತುಸು ಅಜಾಗರೂಕತೆಯಾದರೂ ಬಾಲ ಪಕ್ಕಕ್ಕೆ ತಿರುಗಿ ವಿಮಾನ ನೆಲದ ಮೇಲೆಯೇ ಸುತ್ತುಹಾಕೀತು. ಅದರಲ್ಲಿ ಕಲಿತ ಹಲವರು ಅದನ್ನು ಕಟ್ಟುನಿಟ್ಟಿನ ಮೇಷ್ಟರೆಂದೇ ನೆನೆಯುತ್ತಾರೆ. ತಪ್ಪನ್ನು ಅದು ಮುಚ್ಚಿಡುತ್ತಿರಲಿಲ್ಲ. ಸುಮಾರು 170 ವಿಮಾನಗಳು ತಯಾರಾದವು. ಮೂರು ದಶಕಗಳಿಗೂ ಮಿಕ್ಕಿ ನಮ್ಮ ವಾಯುಪಡೆಯ ತರುಣರು ತಮ್ಮ ಮೊದಲ ಅಕ್ಷರಗಳನ್ನು ಅದರಲ್ಲಿ ತಿದ್ದಿದರು. ಆಫ್ರಿಕದ ಘಾನಾ ದೇಶ ತನ್ನ ವಾಯುಪಡೆಯನ್ನು ಕಟ್ಟಿಕೊಂಡಾಗ ಹನ್ನೆರಡು ಎಚ್‌ಟಿ-2ಗಳನ್ನು ತರಿಸಿಕೊಂಡಿತು.

ಘಾಟಗೆಯವರ ಕಾಲದ ಬೆಂಗಳೂರಿನ ಕಾರ್ಖಾನೆಯಿಂದ ಮುಂದೆ ಬಂದ ಹಗುರ ವಿಮಾನಗಳೂ ಇದೇ ಸ್ವಭಾವದವು. 1958ರಲ್ಲಿ ಹಾರಿದ ಪುಷ್ಪಕ, ನೆತ್ತಿಯ ಮೇಲೆ ರೆಕ್ಕೆ ಹೊತ್ತು ಊರೆ ಕೊಟ್ಟ, ಬಟ್ಟೆ ಹೊದಿಸಿದ, 90 ಅಶ್ವಶಕ್ತಿಯ ಬಡವರ ವಿಮಾನ. ದೇಶದ ಹಾರಾಟದ ಸಂಘಗಳಲ್ಲಿ ಸಾಮಾನ್ಯರ ಮಕ್ಕಳು ಹಾರಲು ಕಲಿತದ್ದು ಅದರಲ್ಲಿ. ಮರುವರ್ಷ ಕೃಷಕ ಬಂದಿತು. 1964ರ ಸೆಪ್ಟೆಂಬರಿನಲ್ಲಿ ಜೆಟ್ ತರಬೇತಿ ವಿಮಾನ ಕಿರಣ್ ಹಾರಿತು. ನಡುವೆ, 1956ರಲ್ಲಿ ಜರ್ಮನಿಯ ಪ್ರಸಿದ್ಧ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಬಂದು, 1961ರಲ್ಲಿ ಹಾರಿದ ಮಾರುತ ಎಂಬ ಯುದ್ಧವಿಮಾನವನ್ನು ರೂಪಿಸಿದರು. ಪತ್ರಿಕೆಗಳ ಕಣ್ಣು ಮಾರುತದ ಮೇಲಿರುವುದು ಸಹಜ. ಆದರೆ ಮಾರುತವನ್ನು ಹಾರಿಸಬೇಕಾದವರು ಮೊದಲು ಏರಬೇಕಾಗಿದ್ದದ್ದು ತರಬೇತಿಯ ವಿಮಾನಗಳನ್ನೇ. ಘಾಟಗೆಯವರು ಸಂಸ್ಥೆಯ ಉನ್ನತ ಹೊಣೆಗಳನ್ನು ಹೊತ್ತರು. 1965ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. 1991ರ ಡಿಸೆಂಬರಿನಲ್ಲಿ, ಎಂಬತ್ತಮೂರರ ವಯಸ್ಸಿನಲ್ಲಿ ತೀರಿಕೊಂಡರು.

ಈ ಜೀವನವನ್ನು ಓದುತ್ತ ನನ್ನನ್ನು ಒಂದು ಪ್ರಶ್ನೆ ಕಾಡಿತು. ಪ್ರಾಂಟ್ಲರ ಬಳಿ ಕಲಿತವರಲ್ಲಿ ಕೆಲವರ ಹೆಸರು ಸೂತ್ರಗಳಿಗೆ ಅಂಟಿಕೊಂಡು ಪಠ್ಯಪುಸ್ತಕಗಳಲ್ಲಿ ಅಮರವಾಗಿದೆ. ಅದೇ ಮನೆಯ ಶಿಷ್ಯರೊಬ್ಬರು ಒಂದು ಟನ್ ಭಾರದ ಪಾಠದ ವಿಮಾನಕ್ಕೆ ತಮ್ಮ ವಿದ್ಯೆಯನ್ನೆಲ್ಲ ಸುರಿದದ್ದು ಕಡಿಮೆಯ ಕೆಲಸವಾಯಿತೆ? ಈ ಪ್ರಶ್ನೆ ಅವರದ್ದೋ ನನ್ನದೋ ಹೇಳಲಾರೆ. ಒಂದು ಕಾಲಕ್ಕೆ ನಾನೂ ಹೊಯ್ಸಳ ಶಾಸನಗಳ ಭಾಷೆಯ ಮೇಲೆ ದೊಡ್ಡ ಗ್ರಂಥವೊಂದನ್ನು ಬರೆಯಬೇಕೆಂದಿದ್ದವನು. ಟಿಪ್ಪಣಿಗಳ ಕಟ್ಟು ಇನ್ನೂ ನಮ್ಮೂರ ಮನೆಯ ಅಟ್ಟದ ಮೇಲಿದೆ. ಇಪ್ಪತ್ತು ವರ್ಷಗಳಿಂದ ಪ್ರಥಮ ವರ್ಷದವರಿಗೆ ಸಂಧಿ ಸಮಾಸಗಳನ್ನು ಹೇಳುತ್ತ ಬಂದಿದ್ದೇನೆ, ಮತ್ತು ಒಮ್ಮೊಮ್ಮೆ ಅದನ್ನು ನಷ್ಟದ ಲೆಕ್ಕಕ್ಕೆ ಬರೆದುಕೊಂಡಿದ್ದೇನೆ.

ರೆಕ್ಕೆಯ ಶಾಸ್ತ್ರ ನನ್ನ ಲೆಕ್ಕವನ್ನು ತಿದ್ದಿತು. ಅತಿ ತೆಳುವಾದ ಕಮಾನು ತನಗೆ ಒಗ್ಗಿದ ಒಂದೇ ಕೋನದಲ್ಲಿ ಅದ್ಭುತವಾಗಿ ಹಾರುತ್ತದೆ. ಆ ಕೋನ ತಪ್ಪಿದವನಿಗೆ ಅದರಲ್ಲಿ ಜಾಗವಿಲ್ಲ. ಕಲಿಸುವ ರೆಕ್ಕೆಗೆ ತುಸು ದಪ್ಪ ಬೇಕು, ಉರುಟಾದ ಮೂತಿ ಬೇಕು, ಕೋನ ತಪ್ಪಿದವನನ್ನು ಒಡನೆ ಕೆಡವದೆ ಎಚ್ಚರಿಸುವ ಗುಣ ಬೇಕು. ಅದರಿಂದ ವೇಗದಲ್ಲಿ ಸೋಲುಂಟು. ಆ ಸೋಲನ್ನು ತಿಳಿದೇ ಒಪ್ಪಿಕೊಳ್ಳುವುದಕ್ಕೆ ಅತ್ಯುನ್ನತವಾದ ವಿದ್ಯೆಯೇ ಬೇಕಾಗುತ್ತದೆ, ಅರೆವಿದ್ಯೆ ಸಾಲದು.

ಮೊನ್ನೆ ಊರಿಗೆ ಹೋದಾಗ ಆ ಹುಡುಗನನ್ನೂ ಕರೆದುಕೊಂಡು ಹೋಗಿದ್ದೆ. ಗುಡಿಯ ಜಗತಿಯ ಮೇಲೆ ಕುಳಿತು, ನೋಟುಪುಸ್ತಕದ ಹಾಳೆಯ ಮೇಲೆ ಬಾಗಿದ ಗೆರೆಯನ್ನು ಎಳೆದು, ತಿಳಿದಷ್ಟನ್ನು ಕನ್ನಡದಲ್ಲಿಯೇ ಹೇಳಿದೆ. ಅವನ ಮೂರನೆಯ ಪ್ರಶ್ನೆಗೆ ಉತ್ತರವಾಗಿ ಹಾಳೆಯ ಕೆಳಗೆ ಘಾಟಗೆಯವರ ಹೆಸರನ್ನು ಬರೆದುಕೊಟ್ಟೆ. ಅವನು ಅದನ್ನು ಓದಿ, ಮಡಿಸಿ ಜೇಬಿನಲ್ಲಿಟ್ಟುಕೊಂಡು, ಎದ್ದು ಹೋಗಿ ಗೋಡೆಯಲ್ಲಿ ಮಲ್ಲಿತಮ್ಮನ ಹೆಸರು ಎಲ್ಲಿದೆಯೆಂದು ಹುಡುಕತೊಡಗಿದ.